ಬ್ಯಾಟಿಗೆ ದಾರ ಬಿಗಿಯುತ್ತಿದ್ದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ತಮ್ಮ ಹೆಸರು ಯಾವ ಕಾಗದದ ಮೇಲೆ ಬರುವುದೂ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ನಮ್ಮ ಟೆನಿಸ್ ಕ್ಲಬ್ಬಿನ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಸನ್ಮಾನಿತರ ಸಾಲಿಗೆ ಅವರನ್ನೂ ಸೇರಿಸಿ ಅಚ್ಚು ಹಾಕಿಸಿದ್ದೆವು. ಅದನ್ನು ನೋಡಿದವರೇ ಹಣೆ ಒರೆಸಿಕೊಂಡು, "ಇದ ಯಾರ್‌ಯಾರಿಗೆ ಕೊಟ್ಬುಟ್ರಿ ಸಾ?" ಎಂದು ಕೇಳಿದರು. ಸನ್ಮಾನದ ದಿನ ಬರಲೇ ಇಲ್ಲ. ಶಾಲು, ಹಣ್ಣು ಹಿಡಿದುಕೊಂಡು ನಾವೇ ಅವರ ಮನೆಗೆ ಹೋದೆವು. ಈಗ ಅವರು ತೀರಿಕೊಂಡಿದ್ದಾರೆ. ಇನ್ನು ಅವರನ್ನು ಯಾರೂ ಏನೂ ಮಾಡಲಾರರು. ಆದರೂ ಹೆಸರು ಬರೆಯಲು ನನಗೆ ಕೈ ಬರುತ್ತಿಲ್ಲ.

ಕೊಳ್ಳೇಗಾಲದಲ್ಲಿ ಎಲ್ಲರೂ ಅವರನ್ನು ಗಟ್ಟಿಂಗಿನವರು ಎನ್ನುತ್ತಿದ್ದರು. ಟೆನಿಸ್ ಬ್ಯಾಟಿಗೆ ದಾರ ಬಿಗಿಯುವುದನ್ನು ನಾವು ಆಟಗಾರರು ಗಟ್ಟಿಂಗ್ ಎನ್ನುವುದು ರೂಢಿ. ಊರಿನಲ್ಲಿ ಇದ್ದದ್ದು ಒಂದೇ ಮಣ್ಣಿನ ಅಂಕಣ. ಆಡುತ್ತಿದ್ದವರು ಹೆಚ್ಚೆಂದರೆ ಹನ್ನೆರಡು ಜನ. ಮುನ್ಸೀಫರು, ಕಾಲೇಜಿನ ಇಬ್ಬರು ಮೇಷ್ಟ್ರುಗಳು, ಒಬ್ಬ ಫಾರೆಸ್ಟ್ ರೇಂಜರು, ಹೀಗೆ. ನಾನು ಆಗ ಹನೂರಿನಲ್ಲಿ ದನದ ಡಾಕ್ಟರಾಗಿದ್ದೆ. ವಾರಕ್ಕೆ ಮೂರು ಸಂಜೆ ಆಡುವುದಕ್ಕೆಂದೇ ಕೊಳ್ಳೇಗಾಲಕ್ಕೆ ಬರುತ್ತಿದ್ದೆ.

ಅವರು ಯಳಂದೂರಿನ ಕಡೆಯ ಅಗರದವರು. ವಿಭೂತಿ, ಲಿಂಗ ಧರಿಸುವ ವೀರಶೈವರ ಮನೆತನ. ಚಿಕ್ಕಂದಿನಲ್ಲೇ ಕೊಳ್ಳೇಗಾಲಕ್ಕೆ ಬಂದು ರೇಷ್ಮೆಗೆ ಹುರಿ ಹಾಕುವ ಕಾರ್ಖಾನೆ ಸೇರಿದ್ದರು. ಹಿಂದೆ ಯಾವನೋ ಅಧಿಕಾರಿ, "ನೀನು ದಾರದವನಲ್ಲವೇ, ಇದನ್ನು ಸರಿಮಾಡು" ಎಂದು ಹರಿದ ಬ್ಯಾಟೊಂದನ್ನು ಕೈಗೆ ಕೊಟ್ಟನಂತೆ. ಆಗುವುದಿಲ್ಲ ಎನ್ನಲು ಹೆದರಿ ಕಲಿತುಬಿಟ್ಟರು. "ಎದ್ರಿಕೇಲೇ ಕಲ್ತಿದ್ದು ಸಾ ಈ ವಿದ್ಯೆಯ" ಎಂದು ಅವರೇ ಹೇಳುತ್ತಿದ್ದರು, ನಗದೆ.

ಹೆದರಿಕೆ ಅವರ ಮೈಯಲ್ಲೇ ಇತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ. ನಾಯಿ ಇರುವ ಬೀದಿಗೆ ಹೋಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಹೆಸರು ಕೂಗಿದರೆ ತಿರುಗಿ ನೋಡುವ ಮೊದಲು ಹೆಗಲು ಕುಗ್ಗುತ್ತಿತ್ತು. ಎಂಥವರನ್ನೂ ಸಾ ಎಂದೇ ಕರೆಯುತ್ತಿದ್ದರು, ಪೋಸ್ಟ್‌ಮ್ಯಾನನ್ನೂ.

ಆದರೆ ಬ್ಯಾಟು ಕೈಗೆ ಬಂದರೆ ಬೇರೆಯೇ ಮನುಷ್ಯ. ಮನೆಯ ಜಗುಲಿಯ ಮೇಲೆ ಬಡಗಿಯಿಂದ ಮಾಡಿಸಿದ ಒಂದು ಮರದ ಸಾಧನವಿತ್ತು. ಬ್ಯಾಟನ್ನು ಮಲಗಿಸಿ ಬಿಗಿಯುವ ಚೌಕಟ್ಟು, ಪಕ್ಕದಲ್ಲಿ ಉದ್ದನೆಯ ಸನ್ನೆಕೋಲು, ಅದರ ತುದಿಗೆ ತಕ್ಕಡಿಯ ಹಳೆಯ ತೂಕದ ಕಲ್ಲು. ದಾರದ ತುದಿಯನ್ನು ಕೋಲಿಗೆ ಸಿಕ್ಕಿಸಿ ಬಿಟ್ಟರೆ ಕಲ್ಲು ನಿಧಾನವಾಗಿ ಇಳಿದು ದಾರವನ್ನು ಬೇಕಾದಷ್ಟೇ ಎಳೆಯುತ್ತಿತ್ತು. ಕಲ್ಲನ್ನು ಕೋಲಿನ ಮೇಲೆ ಅತ್ತಿತ್ತ ಸರಿಸಿದರೆ ಬಿಗಿ ಹೆಚ್ಚು, ಕಡಿಮೆ. ಕೊನೆಗೆ ಹೆಬ್ಬೆರಳಿನ ಉಗುರಿನಿಂದ ದಾರವನ್ನು ಮೀಟಿ ಕಿವಿಗೊಟ್ಟು ಕೇಳುತ್ತಿದ್ದರು.

ನಾನು ಮೊದಲ ಸಲ ಹೋದಾಗ ದೊಡ್ಡ ಆಟಗಾರನ ಹಾಗೆ, "ಚೆನ್ನಾಗಿ ಬಿಗಿಯಾಗಿ ಹಾಕಿ" ಎಂದೆ.

"ಎಷ್ಟು ಜೋರಾಗಿ ಒಡೀತೀರಿ ಸಾ?"

"ಸುಮಾರಾಗಿ."

"ಸುಮಾರಾಗಿ ಒಡಿಯೋರ್ಗೆ ಬಿಗಿ ಯಾಕ? ಬಿಗಿಯಾದ ದಾರ ಚೆಂಡ ತಳ್ಳಾಕಿಲ್ಲ. ನೀವೇ ತಳ್ಳಬೇಕು. ಮೂರು ತಿಂಗ್ಳಲ್ಲಿ ಮೊಳಕೈ ಇಡ್ಕತ್ತದೆ. ವಸಿ ಸಡಿಲ ಇರ್ಲಿ, ಚೆಂಡು ತಾನಾಗೇ ಓಯ್ತದೆ."

ನಾನು ಕೇಳಲಿಲ್ಲ. ನಾನು ಸರ್ಕಾರಿ ನೌಕರ, ಅವರು ಎದುರಾಡಲಿಲ್ಲ. ಬಿಗಿಯಾಗಿಯೇ ಹಾಕಿಕೊಟ್ಟರು. ಮೂರು ತಿಂಗಳು ಕೂಡ ಬೇಕಾಗಲಿಲ್ಲ. ಈಯುತ್ತಿದ್ದ ಹಸುವಿನ ಕರು ಎಳೆಯಲು ಹೋದರೆ ಮೊಳಕೈಯಲ್ಲಿ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಬ್ಯಾಟು ತೆಗೆದುಕೊಂಡು ಮತ್ತೆ ಹೋದೆ. ನಾನು ಬಾಯಿ ಬಿಡುವ ಮುಂಚೆಯೇ ಅವರು ಕಲ್ಲನ್ನು ಕೋಲಿನ ಒಳಬದಿಗೆ ಸರಿಸಿದರು. "ವಾರಕ್ಕೆ ಮೂರು ದಿನ ಆಡ್ತೀರಿ. ಅಂಗಾರೆ ವರ್ಸಕ್ಕೆ ಮೂರು ಸತಿ ಬದಲಾಯಿಸ್ಬೇಕು. ಹರೀನಿಲ್ಲ ಅಂತ ಬುಡಬಾರ್ದು. ದಾರ ಹರಿಯಾಕೆ ಮುಂಚೆನೇ ಸತ್ತೋಗಿರ್ತದೆ. ಜೀಪಲ್ಲಿ ಮಡಗಬೇಡಿ, ಬಿಸ್ಲಿಗೆ ಜೀವ ಬುಡ್ತದೆ" ಎಂದರು. ಅವರು ನನಗೆ ಆಜ್ಞೆ ಎಂಬಂತೆ ಹೇಳಿದ ಮಾತುಗಳು ಅಷ್ಟೇ. ಮರುಕ್ಷಣ ಮತ್ತೆ ಹೆಗಲು ಕುಗ್ಗಿಸಿ, "ತಪ್ಪು ತಿಳೀಬ್ಯಾಡಿ ಸಾ" ಎಂದರು.

ಒಂದು ಸಲ ಮುನ್ಸೀಫರು ಎಲ್ಲಿಂದಲೋ ತರಿಸಿದ ದಾರದ ಪೊಟ್ಟಣ ಕಳಿಸಿದರು. ಎಂದಿನ ನೈಲಾನ್ ಅಲ್ಲ. ನಸು ಹಳದಿ ಬಣ್ಣ, ಬೆರಳಿಗೆ ಒಂಥರಾ ಮೃದು. ಇವರು ಅದನ್ನು ಮುಟ್ಟದೆ ನನಗೋಸ್ಕರ ಕಾದಿದ್ದರು. "ಡಾಕ್ಟ್ರೇ, ಇದು ಯಾನದ್ದು?"

ನಾನು ಹಿಡಿದು ನೋಡಿದೆ. ನನ್ನ ಕೆಲಸವೇ ಅದು. "ಕರುಳಿನದು. ದನದ್ದು" ಎಂದೆ.

ಅವರು ಎದ್ದರು. ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ಒಳಗೆ ದೇವರ ಗೂಡಿನಲ್ಲಿಟ್ಟು ಬಂದರು. ದಾರ ಹಾಕಿ ಮುಗಿಸಿದರು. ಆಮೇಲೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದು, "ಶಿವನಾದ್ರೆ ಕ್ಷಮಿಸ್ತಾನೆ. ಮುನ್ಸೀಫ್ರು ಯಾನ ಮಾಡ್ತಾರೋ ಯಾರಿಗ್ಗೊತ್ತು" ಎಂದರು. ನಾನು ನಕ್ಕೆ. ಆಗ ನನಗೆ ಹೆದರಿಕೆ ಎಂದರೆ ಏನೆಂದು ಗೊತ್ತಿರಲಿಲ್ಲ.

ಗೊತ್ತಾಗುವ ಕಾಲ ಬಂತು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆನೆದಂತ, ಶ್ರೀಗಂಧ ಕದಿಯುತ್ತ ನಮ್ಮ ಕಡೆಯ ಕಾಡಿನಲ್ಲಿ ಅಡಗಿದ್ದವನ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕಾಡಿನವನು ಎನ್ನುತ್ತಿದ್ದರು. ಅಷ್ಟೇ ಸಾಕಾಗಿತ್ತು. ಅವನನ್ನು ಹಿಡಿಯಲು ಬಂದ ಪೊಲೀಸ್ ಪಡೆಗಳ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಹನೂರಿನಿಂದ ಅಜ್ಜೀಪುರ ದಾಟಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸರ್ಕಾರಿ ಜೀಪು ಕಂಡರೆ ಜನ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು. ರಸ್ತೆಯ ಕೆಳಗೆ ಹೂತ ಸಿಡಿಮದ್ದು ಇದ್ದರೆ ಜೀಪಿನ ಜೊತೆ ತಾವೂ ಹೋಗುತ್ತೇವೆಂದು. ನಾನು ನನ್ನ ಜೀಪಿನ ಮುಂದೆ, ಹಿಂದೆ ದೊಡ್ಡ ಅಕ್ಷರದಲ್ಲಿ 'ದನದ ಆಸ್ಪತ್ರೆ' ಎಂದು ಬರೆಸಿದೆ. ಬರೆಸಿದ ಮೇಲೂ ಲೊಕ್ಕನಹಳ್ಳಿಗೆ ಹೋಗುವಾಗ ತಿರುವಿನಲ್ಲಿ ಹೊಸ ಮಣ್ಣು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು.

ನಮ್ಮ ಜೊತೆ ಆಡುತ್ತಿದ್ದ ರೇಂಜರಿಗೆ ಅಜ್ಜೀಪುರದ ಆಚೆಗೆ ವರ್ಗವಾಯಿತು. ಅವರು ಕ್ವಾರ್ಟರ್ಸಿನ ಹಿಂದೆ ಮಣ್ಣು ಸಮ ಮಾಡಿಸಿ ಬಲೆ ಕಟ್ಟಿಸಿಕೊಂಡಿದ್ದರು. ಬೇರೇನು ಮಾಡಲೂ ಭಯವಾಗುವ ಜಾಗದಲ್ಲಿ ಅದೊಂದು ಆಸರೆ. ದಾರ ಹಾಕಿಸಲು ಅವರ ಒಂದು ಬ್ಯಾಟು ಕೊಳ್ಳೇಗಾಲಕ್ಕೆ ಬಂದಿತ್ತು, ಅದನ್ನು ತಂದುಕೊಟ್ಟು ಇನ್ನೊಂದಕ್ಕೆ ಅಲ್ಲೇ ದಾರ ಹಾಕಿಕೊಡಬೇಕೆಂದು ಹೇಳಿ ಕಳಿಸಿದ್ದರು. ಗಟ್ಟಿಂಗಿನವರಿಗೆ ಆ ರಸ್ತೆಯೆಂದರೆ ನಡುಕ. ನಾನೇ ಹೇಳಿದೆ: "ಗುರುವಾರ ನಾನು ಅಜ್ಜೀಪುರದ ಕಡೆ ದನಗಳಿಗೆ ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಲು ಹೋಗುತ್ತೇನೆ. ಹನೂರಿಗೆ ಬನ್ನಿ, ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ."

ಗುರುವಾರ ಬೆಳಿಗ್ಗೆ ಹಾಲು ತರುವವನು ಒಂದು ಸುದ್ದಿ ತಂದ. ಹಿಂದಿನ ದಿನ ಆ ದಾರಿಯಲ್ಲಿ ಯಾವುದೋ ಇಲಾಖೆಯ ಜೀಪನ್ನು ಅಡ್ಡ ಹಾಕಿದ್ದರಂತೆ. ನಿಜವೋ ಸುಳ್ಳೋ ವಿಚಾರಿಸುವಷ್ಟೂ ಧೈರ್ಯ ನನಗಾಗಲಿಲ್ಲ. ಚುಚ್ಚುಮದ್ದಿನ ಪೆಟ್ಟಿಗೆಯನ್ನು ವಾಪಸು ಐಸಿನಲ್ಲಿಡಿಸಿದೆ. ಅಷ್ಟರಲ್ಲಿ ಗಟ್ಟಿಂಗಿನವರು ಕೈಚೀಲ, ರೇಂಜರ ಬ್ಯಾಟು ಹಿಡಿದು ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತಿದ್ದರು.

"ನನಗೆ ಜ್ವರ. ಇವತ್ತು ಹೋಗುವುದಿಲ್ಲ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. "ಇವತ್ತೇ ಬತ್ತೀನಿ ಅಂದ್ಬುಟ್ಟಿವ್ನಿ ರೇಂಜರ್ ಸಾಯೇಬ್ರಿಗೆ. ಓಗ್ದಿದ್ರೆ ಯಾನಂದ್ಕತ್ತರೋ."

"ಬಸ್ಸಿದೆಯಲ್ಲ, ಹೋಗಿ. ಬಸ್ಸಿನಲ್ಲಿ ಹೋದರೆ ಏನೂ ಆಗುವುದಿಲ್ಲ."

ಆ ಮಾತನ್ನು ಹೇಳಿದವನು ನಾನು. ಜೀಪಿನಲ್ಲಿ ಹೋಗಲು ಹೆದರಿದ ನಾನು, ನಾನು ಕಂಡ ಎಲ್ಲರಿಗಿಂತ ಹೆಚ್ಚು ಹೆದರುವ ಮನುಷ್ಯನಿಗೆ ಹೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಬಸ್‌ ಸ್ಟ್ಯಾಂಡಿನ ಕಡೆ ನಡೆದರು.

ಸಂಜೆ ಬೆಟ್ಟದಿಂದ ವಾಪಸು ಬಂದ ಬಸ್ಸಿನ ಕಂಡಕ್ಟರು ಆಸ್ಪತ್ರೆಗೆ ಬಂದ. ಅವನ ಎಮ್ಮೆಗೆ ನಾನು ಔಷಧಿ ಕೊಡುತ್ತಿದ್ದೆ. ಬಾಗಿಲು ಮುಂದೆ ಮಾಡಿ ಹೇಳಿದ: "ಬೆಳಿಗ್ಗೆ ನಿಮ್ಮತ್ರ ಮಾತಾಡ್ತಿದ್ರಲ್ಲ ಸಾ, ಅವರ್ನ ಅಜ್ಜೀಪುರದ ತಾವ ಚೆಕ್‌ಪೋಸ್ಟಲ್ಲಿ ಇಳಿಸ್ಕಂಡ್ರು. ಚೀಲದಲ್ಲಿ ಎಂಥದೋ ತಂತಿ ಸುರುಳಿ, ಚೂಪು ಕಡ್ಡಿ, ಇಕ್ಕಳ ಸಿಕ್ತಂತೆ. ಯಾಕೆ ಅಂತ ಕೇಳಿದ್ರೆ ಆವಯ್ಯ ಬಾಯೇ ಬುಡ್ಲಿಲ್ಲ."

ಬಾಯಿ ಬಿಟ್ಟಿರಲಾರರು. ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ನೈಲಾನ್ ದಾರದ ಸುರುಳಿ, ಬಿಗಿದ ದಾರ ಸಡಿಲವಾಗದಂತೆ ತೂತಿಗೆ ಸಿಕ್ಕಿಸುವ ದಬ್ಬಳ, ಇಕ್ಕಳ. ಸಿಡಿಮದ್ದಿಗೆ ತಂತಿ ಎಳೆಯುವವನ ಚೀಲದಲ್ಲೂ ಇವೇ ಇರುತ್ತವೆ. ಇದು ಬ್ಯಾಟಿನ ದಾರ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಭಯ ಬಂದರೆ ಅವರ ನಾಲಿಗೆ ಅಂಟಿಕೊಳ್ಳುತ್ತಿತ್ತು.

ನಾನು ಆಗಲೇ ಹೊರಡಬೇಕಿತ್ತು. ಹೊರಡಲಿಲ್ಲ. ರೇಂಜರು ಹತ್ತಿರದಲ್ಲೇ ಇದ್ದಾರೆ, ಬಿಡಿಸುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ರೇಂಜರು ಮೀಟಿಂಗಿಗೆಂದು ಮೈಸೂರಿಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಮಾರನೆಯ ದಿನವೂ ಹೋಗಲಿಲ್ಲ. ಅಂಥವನ ಪರವಾಗಿ ಹೋದರೆ ನನ್ನನ್ನೂ ಕೂರಿಸಿಕೊಂಡರೆ? ನನ್ನ ಜೀಪು ಕಾಡಂಚಿನ ಎಲ್ಲ ಹಳ್ಳಿಗೂ ಹೋಗುತ್ತದೆ. ಯಾರ ಮನೆಯ ಹಸುವಿಗೆ ಔಷಧಿ ಕೊಟ್ಟೆ, ಆ ಮನೆಯವರು ಯಾರಿಗೆ ಅಕ್ಕಿ ಕೊಟ್ಟರು, ನನಗೇನು ಗೊತ್ತು?

ಮೂರನೆಯ ದಿನ ಬೆಳಿಗ್ಗೆ ಅವರ ಹೆಂಡತಿ ಬಂದರು. ಅಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, "ನನ್ನ ಗಂಡ ಬ್ಯಾಟಿಗೆ ದಾರ ಆಕ್ತಾರೆ ಅಂತ ಒಂದ್ಮಾತು ಯೋಳಿ ಸಾ. ಅಷ್ಟೇಯ. ನಾ ಯೋಳಿದ್ರೆ ಯಾರೂ ನಂಬಾಕಿಲ್ಲ" ಎಂದರು.

ನಮ್ಮ ಡ್ರೈವರು ಹೊಟ್ಟೆನೋವೆಂದ. ನಾನೇ ಜೀಪು ಓಡಿಸಿದೆ. ಆಕೆ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಶಿವ ಶಿವ ಎನ್ನುತ್ತಿದ್ದರು. ಒಂದು ಕಡೆ ರಸ್ತೆಗೆ ಅಡ್ಡವಾಗಿ ಲಂಟಾನದ ಕೊಂಬೆ ಬಿದ್ದಿತ್ತು. ಇಳಿದು ತೆಗೆಯಬೇಕೋ, ಮೇಲೇ ಓಡಿಸಬೇಕೋ ತಿಳಿಯದೆ ಎಂಜಿನ್ ಆರಿಸದೆ ಕೂತುಬಿಟ್ಟೆ. ಆಕೆಯೇ ಇಳಿದು ಕೊಂಬೆಯನ್ನು ಎಳೆದು ಹಾಕಿ ಬಂದರು.

ಚೆಕ್‌ಪೋಸ್ಟಿನ ಆಚೆಯ ಪೊಲೀಸ್ ಕ್ಯಾಂಪೆಂದರೆ ತಗಡಿನ ಎರಡು ಶೆಡ್ಡು. ಇನ್ಸ್‌ಪೆಕ್ಟರು ನಮ್ಮ ಕಡೆಯವರಲ್ಲ, ಎತ್ತರದ ಮನುಷ್ಯ, ನಿದ್ದೆಯಿಲ್ಲದ ಕಣ್ಣು. ನಾನು ಹೇಳಿದ್ದನ್ನೆಲ್ಲ ಕೇಳಿ ಗಟ್ಟಿಂಗಿನವರನ್ನು ಕರೆಸಿದರು. ಅವರು ಗೋಡೆ ಹಿಡಿದುಕೊಂಡು ಬಂದರು. ಬಲಗೈಯ ಎರಡು ಬೆರಳು ಊದಿಕೊಂಡಿದ್ದವು. ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ತಲೆ ತಗ್ಗಿಸಿದರು.

"ಎರಡು ದಿನದಿಂದ ಒಂದು ಮಾತಾಡಿಲ್ಲ ಇವನು," ಎಂದರು ಇನ್ಸ್‌ಪೆಕ್ಟರು. "ತಪ್ಪಿಲ್ಲದವನು ಯಾಕೆ ಸುಮ್ಮನಿರ್ತಾನೆ ಡಾಕ್ಟರೇ? ದಾರ ಹಾಕೋನೇ ಆಗಿದ್ರೆ ನನ್ನ ಮುಂದೆ ಹಾಕಲಿ." ಮೇಜಿನ ಮೇಲಿದ್ದ ರೇಂಜರ ಬ್ಯಾಟನ್ನು ಎಳೆದುಕೊಂಡರು. ಅದು ಹೊಸದಾಗಿ ದಾರ ಹಾಕಿ ಮುಗಿಸಿದ್ದ ಬ್ಯಾಟು. ಜೇಬಿನಿಂದ ಚಾಕು ತೆಗೆದು ಅಂಚಿನಲ್ಲಿದ್ದ ದಾರವನ್ನು ಒಂದೊಂದಾಗಿ ಕುಯ್ಯತೊಡಗಿದರು.

"ಅಯ್ಯೋ ಅಂಗೆ ಕುಯ್ಬೇಡಿ ಸಾ!"

ಶೆಡ್ಡಿನಲ್ಲಿದ್ದ ಎಲ್ಲರೂ ತಿರುಗಿದರು. ಕೂಗಿದ್ದು ಗಟ್ಟಿಂಗಿನವರು. ಗೋಡೆ ಬಿಟ್ಟು ಮುಂದೆ ಬಂದು ಇನ್ಸ್‌ಪೆಕ್ಟರ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದರು. "ಅಂಚಿಂದ ಕುಯ್ದ್ರೆ ಒಂದ್ಕಡೆ ಎಳ್ತ ಇರ್ತದೆ, ಒಂದ್ಕಡೆ ಇರಾಕಿಲ್ಲ. ಫ್ರೇಮು ತಿರುಚ್ಕಂಡು ಮುರ್ದೋಯ್ತದೆ ಸಾ! ನಡುವಿಂದ ಸುರು ಮಾಡಿ. ಒಂದು ಉದ್ದುದ್ದ, ಒಂದು ಅಡ್ಡ. ಸುತ್ತ ಸಮನಾಗಿ ಬುಡಿಸ್ಕಂಡು ಬರ್ಬೇಕು. ಕೊಡಿ ಇಲ್ಲಿ, ಬೇಗ ಕೊಡಿ!"

ಚಾಕುವನ್ನು ಇನ್ಸ್‌ಪೆಕ್ಟರ ಕೈಯಿಂದಲೇ ತೆಗೆದುಕೊಂಡರು. ಬಾಗಿಲಲ್ಲಿದ್ದ ಪೇದೆ ಬಂದೂಕು ಎತ್ತಿದ. ಗಟ್ಟಿಂಗಿನವರು ಅದನ್ನು ನೋಡಲೂ ಇಲ್ಲ. ಬ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ನಡುವಿನಿಂದ ದಾರ ಬಿಡಿಸತೊಡಗಿದರು. ಇನ್ಸ್‌ಪೆಕ್ಟರು ಪೇದೆಗೆ ಕೈಸನ್ನೆ ಮಾಡಿ, ಬಂದೂಕು ಇಳಿಸಿದ ಮೇಲೆ ಕುರ್ಚಿಗೆ ಒರಗಿದರು.

ತೂಕದ ಕಲ್ಲಿಲ್ಲ, ಚೌಕಟ್ಟಿಲ್ಲ. ದಾರವನ್ನು ಒಂದು ಮರದ ತುಂಡಿಗೆ ಸುತ್ತಿ, ಕಾಲಿನಿಂದ ಬ್ಯಾಟು ಒತ್ತಿ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಎಳೆದು, ಸಡಿಲವಾಗುವ ಮುಂಚೆ ತೂತಿಗೆ ದಬ್ಬಳ ಸಿಕ್ಕಿಸುತ್ತಿದ್ದರು. ಊದಿದ ಬೆರಳಿಗೆ ದಾರ ಕೊರೆದಾಗ ಹಲ್ಲು ಕಚ್ಚುತ್ತಿದ್ದರು. ಎರಡು ಗಂಟೆ ಹಿಡಿಯಿತು. ಕೊನೆಯ ಗಂಟು ಹಾಕಿ, ಉಗುರಿನಿಂದ ಮೀಟಿ ಕೇಳಿ, ಬ್ಯಾಟನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು. ಇಟ್ಟ ಕೂಡಲೇ ತಾವೆಲ್ಲಿದ್ದೇವೆಂಬುದು ನೆನಪಾಯಿತೇನೋ, ನಡುಗಲು ಶುರುಮಾಡಿದರು.

"ಕರ್ಕೊಂಡು ಹೋಗಿ" ಎಂದರು ಇನ್ಸ್‌ಪೆಕ್ಟರು.

ಹಿಂದಿರುಗುವಾಗ ಅಜ್ಜೀಪುರ ದಾಟಿದೆವು. ಆಮೇಲೆ ಅವರು ಮೆಲ್ಲಗೆ, "ಜ್ವರ ಬುಡ್ತಾ ಡಾಕ್ಟ್ರೇ?" ಎಂದು ಕೇಳಿದರು. ಚುಚ್ಚುಮಾತಲ್ಲ, ನಿಜವಾಗಿಯೇ ಕೇಳಿದ್ದು.

"ಜ್ವರ ಇರಲಿಲ್ಲ. ಹೆದರಿಕೆಯಾಗಿತ್ತು. ನಿನ್ನೆ, ಮೊನ್ನೆಯೂ ಹೆದರಿಕೆಯಿಂದಲೇ ಬರಲಿಲ್ಲ" ಎಂದೆ. ಜೀಪು ಓಡಿಸುತ್ತಿದ್ದರಿಂದ ಅವರ ಮುಖ ನೋಡದೆ ಹೇಳಲು ಸಾಧ್ಯವಾಯಿತು.

ಅವರು, "ನಿಮಗೂ ಆಯ್ತದಾ?" ಎಂದರು. ದನಿಯಲ್ಲಿ ಎಂಥದೋ ನೆಮ್ಮದಿಯಿತ್ತು. ಇಷ್ಟು ದಿನ ಲೋಕದಲ್ಲಿ ತಾವೊಬ್ಬರೇ ಹಾಗೆ ಎಂದುಕೊಂಡಿದ್ದರೋ ಏನೋ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇನ್ಸ್‌ಪೆಕ್ಟರಿಗೆ ಟೆನಿಸ್ ಕಲಿಯುವ ಮನಸ್ಸಾಯಿತು. ರೇಂಜರ ಅಂಕಣದಲ್ಲಿ ಆಡತೊಡಗಿದರು. ತಿಂಗಳಿಗೊಮ್ಮೆ ಪೊಲೀಸ್ ಜೀಪು ಗಟ್ಟಿಂಗಿನವರ ಬೀದಿಗೆ ಬಂದು ಅವರನ್ನು ಕೂರಿಸಿಕೊಂಡು ಹೋಗುತ್ತಿತ್ತು, ಸಂಜೆಗೆ ತಂದು ಬಿಡುತ್ತಿತ್ತು. ಹೊರಡುವ ಮುಂಚೆ ಪ್ರತಿ ಸಲವೂ ಹೆಂಡತಿಗೆ ಮನೆಯ ಪತ್ರ ಎಲ್ಲಿದೆ, ಯಾರಿಗೆ ಹೇಳಿ ಕಳಿಸಬೇಕು ಎಂದೆಲ್ಲ ಹೇಳಿ ಹೋಗುತ್ತಿದ್ದರಂತೆ. ಬೀದಿಯ ಜನ ಅವರ ಜಗುಲಿಯ ಮುಂದೆ ಮಾತು ನಿಲ್ಲಿಸಿದರು. ಪೊಲೀಸರ ಕಿವಿ ಎಂದು ಹೆಸರಾಯಿತು. ಕಾಡಂಚಿನ ಹಳ್ಳಿಗಳಲ್ಲಿ ಆ ಹೆಸರು ಬಂದವರಿಗೆ ಏನಾಗುತ್ತಿತ್ತೆಂದು ನಮಗೆಲ್ಲ ಗೊತ್ತಿತ್ತು.

ಒಂದು ಸಂಜೆ ಗಟ್ಟಿಂಗಿನವರು ಕೊಳ್ಳೇಗಾಲದ ಅಂಕಣದ ಮೂಲೆಗೆ ನನ್ನನ್ನು ಕರೆದು ಹೇಳಿದರು: "ಬಸ್ಸಲ್ಲಿ ಯಾರು ಯಾನ ಮಾತಾಡ್ತಾರೆ, ಕೇಳ್ಕಂಡು ಬಂದು ಯೋಳು ಅಂತಾರೆ ಇನ್ಸ್‌ಪೆಕ್ಟ್ರು, ಡಾಕ್ಟ್ರೇ. ಯೋಳ್ದಿದ್ರೆ ಇವರು ಬುಡಾಕಿಲ್ಲ. ಯೋಳಿದ್ರೆ ಅವ್ನು ಬುಡಾಕಿಲ್ಲ. ಯಾರ ಮನೆ ಮಕ್ಳ ಹೆಸರ ನಾ ಯೋಳ್ಲಿ?"

ನಾನು ಚೆಂಡುಗಳನ್ನು ಹೆಕ್ಕತೊಡಗಿದೆ.

ಮುಂದಿನ ತಿಂಗಳು ಅವರ ಕಣ್ಣು ಹೋಯಿತೆಂಬ ಸುದ್ದಿ ಬಂತು. ಹೋಗಿ ನೋಡಿದರೆ ಕಪ್ಪು ಕನ್ನಡಕ, ಕೈಯಲ್ಲಿ ಕೋಲು. ಮರದ ಸಾಧನ ಜಗುಲಿಯಲ್ಲಿರಲಿಲ್ಲ, ಒಲೆಗೆ ಹಾಕಿಸಿದ್ದರು. ನಾನು ಕೂತ ಕಡೆ ಬಿಟ್ಟು ಬೇರೆ ಕಡೆ ಮುಖ ಮಾಡಿ ಮಾತಾಡಿದರು. ಎದ್ದು ಒಳಗೆ ಹೋಗುವಾಗ ಬಾಗಿಲ ಪಟ್ಟಿಗೆ ಹಣೆ ಬಡಿದು ರಕ್ತ ಬಂತು. ಇನ್ಸ್‌ಪೆಕ್ಟರು ಒಮ್ಮೆ ದಾರಿಯಲ್ಲಿ ಜೀಪು ನಿಲ್ಲಿಸಿ, "ಕಣ್ಣು ನಿಜವಾಗಿ ಹೋಗಿದೆಯಾ ಡಾಕ್ಟರೇ?" ಎಂದು ಕೇಳಿದಾಗ ಒಂದಿಷ್ಟೂ ತಡವರಿಸದೆ ಹೌದೆಂದೆ. ಆ ಜೀಪು ಮತ್ತೆ ಅವರ ಬೀದಿಗೆ ಬರಲಿಲ್ಲ. ಗಂಡಹೆಂಡತಿ ಅಗರಕ್ಕೆ ಹೊರಟುಹೋದರು. ನನಗೂ ಬೇರೆ ಜಿಲ್ಲೆಗೆ ವರ್ಗವಾಯಿತು.

ಎರಡು ಸಾವಿರದ ನಾಲ್ಕರಲ್ಲಿ ನಾನು ವರ್ಗವಾಗಿ ಯಳಂದೂರಿಗೆ ಬಂದಿದ್ದೆ. ಕಾಡಿನವನು ಸತ್ತ ಸುದ್ದಿ ಬಂದು ಕೆಲವು ವಾರಗಳಾಗಿದ್ದವು. ಅಗರದಲ್ಲಿ ಒಂದು ಹಸು ನೋಡಲು ಹೋದವನು ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಹೆಂಡತಿ ನನ್ನನ್ನು ಗುರುತಿಸಿ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅವರು ಚಾಪೆಯ ಮೇಲೆ ಕೂತಿದ್ದರು. ಕನ್ನಡಕ ತೆಗೆದು ನನ್ನನ್ನು ನೇರವಾಗಿ ನೋಡಿ, "ತಲೆ ಬೆಳ್ಳಗಾಗೋಯ್ತಲ್ಲ ಡಾಕ್ಟ್ರೇ" ಎಂದರು.

ಕಣ್ಣು ಯಾವತ್ತೂ ಹೋಗಿರಲಿಲ್ಲ. ಹತ್ತು ಹನ್ನೊಂದು ವರ್ಷ ಹೆಂಡತಿಯೊಬ್ಬರಿಗೆ ಬಿಟ್ಟು ಇಡೀ ಊರಿಗೆ ಕುರುಡರಾಗಿ ಬದುಕಿದ್ದರು. ಮದುವೆಗೆ ಹೋದರೆ ಕೈಹಿಡಿಸಿಕೊಂಡು, ಮೆಟ್ಟಿಲು ಎಡವಿಕೊಂಡು. ಪ್ರೀತಿಯ ಕೆಲಸವನ್ನು ಒಲೆಗೆ ಹಾಕಿ, ಒಬ್ಬರ ಹೆಸರನ್ನೂ ಹೇಳದೆ.

"ನನಗಾದರೂ ಹೇಳಬಾರದಿತ್ತೇ?"

"ನಿಮ್ಮ ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು. ಯೋಳಿದ್ರೆ ನೀವೂ ಎದರ್ಕಂಡಿರ್ಬೇಕಾಗಿತ್ತಲ್ಲ ಸಾ. ನನ್ನೊಬ್ಬಂದೇ ಸಾಕು ಅಂದ್ಕಂಡೆ."

ಮುಂದಿನ ವಾರ ನನ್ನ ಬ್ಯಾಟು, ಒಂದು ಪೊಟ್ಟಣ ದಾರ, ದಬ್ಬಳ ತೆಗೆದುಕೊಂಡು ಹೋದೆ. ಮೊದಲು ಬೇಡವೆಂದರು. ಆಮೇಲೆ ಪೊಟ್ಟಣ ಬಿಚ್ಚಿ ದಾರವನ್ನು ಬೆರಳಲ್ಲಿ ಉಜ್ಜಿ, "ತೆಳು ದಾರ ತಂದಿದ್ದೀರಿ. ಮೊಳಕೈಗೆ ಒಳ್ಳೇದು, ಬೇಗ ಹರೀತದೆ" ಎಂದರು. ಬಾಗಿಲಿಗೆ ಚಿಲಕ ಹಾಕಿಸಿ ಕೆಲಸಕ್ಕೆ ಕೂತರು. ಉದ್ದದ ದಾರಗಳು ಮುಗಿದವು. ಅಡ್ಡದ ದಾರವನ್ನು ಒಂದರ ಮೇಲೆ, ಒಂದರ ಕೆಳಗೆ ಹೆಣೆಯುತ್ತ ಬಂದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ನಗುವಿತ್ತು.

ಆಗ ಹೊರಗೆ ಜೀಪಿನ ಸದ್ದು ಕೇಳಿತು.

ಕೈ ನಿಂತಿತು. ಬ್ಯಾಟನ್ನು ಚಾಪೆಯ ಕೆಳಕ್ಕೆ ತಳ್ಳಿದರು. ಕನ್ನಡಕಕ್ಕೆ ಕೈ ಚಾಚಿದರು, ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಖವನ್ನು ಗೋಡೆಯ ಕಡೆ ಓರೆ ಮಾಡಿ ಕೂತುಬಿಟ್ಟರು. ಅಡುಗೆಮನೆಯಲ್ಲಿ ಹೆಂಡತಿಯ ಪಾತ್ರೆಯ ಸದ್ದೂ ನಿಂತಿತು. ಹೆದರಲು ಈಗ ಯಾರೂ ಇಲ್ಲವೆಂದು ನನ್ನ ಬುದ್ಧಿಗೆ ಗೊತ್ತಿತ್ತು, ಎದೆಗೆ ಗೊತ್ತಿರಲಿಲ್ಲ.

ಎದ್ದು ಚಿಲಕ ತೆಗೆದು ಬೀದಿಗೆ ಹೋದೆ. ಜೀಪು ನಾಲ್ಕು ಮನೆ ಆಚೆ ನಿಂತಿತ್ತು. ಇಬ್ಬರು ಬಿತ್ತನೆ ಬೀಜದ ಮೂಟೆ ಇಳಿಸುತ್ತಿದ್ದರು. ಅದು ಮತ್ತೆ ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದು ಒಳಗೆ ಬಂದು ಚಿಲಕ ಹಾಕಿದೆ.

"ಬೀಜದ ಜೀಪು. ಹೋಯಿತು" ಎಂದೆ.

ಅವರು ಕಣ್ಣು ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಚಾಪೆಯ ಕೆಳಗಿನಿಂದ ಬ್ಯಾಟನ್ನು ಎಳೆದುಕೊಂಡು, ಬಿಟ್ಟ ಜಾಗವನ್ನು ಬೆರಳಿನಿಂದ ತಡವಿ ಹುಡುಕಿ, ಮುಂದಿನ ದಾರವನ್ನು ಪೋಣಿಸಿದರು.